ನೀರು ನಿಲ್ಲುವ ಕಾಗದ

ನೀಲಕಂಠಪ್ಪನವರು ಕಾಗದವನ್ನು ನಾಲಗೆಯಿಂದ ಪರೀಕ್ಷಿಸುತ್ತಿದ್ದರು. ಕಾಳಬಾದೇವಿಯ ಕಾಗದದ ಅಂಗಡಿಗಳಲ್ಲಿ ಉಳಿದ ಗಿರಾಕಿಗಳು ಹಾಳೆಯನ್ನು ಬೆರಳಿನಿಂದ ಸವರಿ, ಬೆಳಕಿಗೆ ಹಿಡಿದು, ಹೆಚ್ಚೆಂದರೆ ಒಂದು ಮೂಲೆಯನ್ನು ಮಡಚಿ ನೋಡಿ ವ್ಯಾಪಾರ ಮುಗಿಸುತ್ತಿದ್ದರೆ, ಇವರು ಮಾತ್ರ ಹಣೆಯ ಮೇಲಿನ ವಿಭೂತಿಯ ಗೆರೆಗಳು ಅಲುಗದಷ್ಟು ಗಂಭೀರವಾಗಿ ಹಾಳೆಯ ಅಂಚನ್ನು ತುಟಿಯ ಬಳಿಗೆ ತಂದು, ನಾಲಗೆಯ ತುದಿಯಿಂದ ಒಮ್ಮೆ ಮುಟ್ಟಿ, ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದರು. ನಾಲಗೆ ಹಾಳೆಗೆ ಕಚ್ಚಿಕೊಂಡರೆ ಆ ಕಾಗದ ಬಾಯಾರಿದ್ದು. ಬಣ್ಣದ ನೀರನ್ನು ಬಿದ್ದಲ್ಲೇ ಕುಡಿದು ಕಲೆಯಾಗಿಸಿಬಿಡುತ್ತದೆ. ನಾಲಗೆ ಸಲೀಸಾಗಿ ಜಾರಿ, ತೇವದ ಗುರುತು ಕ್ಷಣಕಾಲ ಹಾಗೆಯೇ ಹೊಳೆಯುತ್ತ ಉಳಿದರೆ ಅದರ ಮೈಗೆ ಅಂಟು ಸರಿಯಾಗಿ ಹಿಡಿದಿದೆ ಎಂದರ್ಥ. ಅಂಥದರ ಮೇಲೆ ನೀರು ನಿಲ್ಲುತ್ತದೆ, ಬಣ್ಣ ಆ ನೀರಿನೊಳಗೆ ತನ್ನ ಜಾಗವನ್ನು ತಾನೇ ಹುಡುಕಿಕೊಂಡು ನಿಧಾನವಾಗಿ ಕೂರುತ್ತದೆ. ಅಂಗಡಿಯ ಗುಮಾಸ್ತರು ಮೊದಮೊದಲು ನಕ್ಕರು, ಆಮೇಲೆ ಬೇಸತ್ತರು. ಕೊನೆಗೆ ಇವರು ಮೆಟ್ಟಿಲು ಹತ್ತುವುದನ್ನು ಕಂಡೊಡನೆ ಹಾಳೆಯ ಒಂದು ಚೂರನ್ನು ತಾವೇ ಹರಿದು ಮುಂದಿಡುವಷ್ಟು ಒಗ್ಗಿಕೊಂಡರು.

ಅವರು ವಿಜಾಪುರದ ಕಡೆಯವರು. ಗಿರಗಾಂವಿನ ಒಂದು ಕಲ್ಲಚ್ಚಿನ ಪ್ರೆಸ್ಸಿನಲ್ಲಿ, ಗಿರಣಿಗಳ ಬಟ್ಟೆಯ ಥಾನುಗಳಿಗೆ ಅಂಟಿಸುವ ಬಣ್ಣದ ಚೀಟಿಗಳಿಗೆ ಚಿತ್ರ ಬರೆಯುವುದು ಅವರ ಉದ್ಯೋಗ. ಕಮಲದ ಮೇಲೆ ಕುಳಿತ ಲಕ್ಷ್ಮಿ, ಸೊಂಡಿಲೆತ್ತಿದ ಆನೆ, ಹೊಗೆ ಬಿಡುವ ರೈಲು, ಒಮ್ಮೊಮ್ಮೆ ಲಕ್ಷ್ಮಿ, ಆನೆ, ರೈಲು ಮೂರೂ ಒಂದೇ ಅಂಗೈಯಗಲದಲ್ಲಿ. ಮನೆ ಘಾಟ್ಕೋಪರಿನ ಒಂದು ಸಾಲುಕೋಣೆಗಳ ಚಾಳಿನಲ್ಲಿ. ಎದೆಯ ಗುಂಡಿಗಳನ್ನೆಲ್ಲ ಹಾಕಿ ತೊಟ್ಟ ಕರಿಯ ಕೋಟಿಗೆ ಒಳಗೊಂದು ಅಗಲವಾದ ಜೇಬು ಹೊಲಿಸಿಕೊಂಡಿದ್ದರು. ಅದರಲ್ಲಿ ಕಾಗದದ ಚೂರುಗಳೇ ತುಂಬಿರುತ್ತಿದ್ದುದರಿಂದ ಅವರು ನಡೆದರೆ ಒಣಗಿದ ಎಲೆಗಳ ಮೇಲೆ ಯಾರೋ ಹೆಜ್ಜೆಯಿಟ್ಟಂತೆ ಸದ್ದಾಗುತ್ತಿತ್ತು. ಚಿತ್ರದ ಹಲಗೆಯನ್ನು ವರ್ಷಾನುಗಟ್ಟಲೆ ಒಂದೇ ಕಂಕುಳಲ್ಲಿ ಹೊತ್ತು ಲೋಕಲ್ ರೈಲು ಹತ್ತಿಳಿದ ಕಾರಣ ಎಡಭುಜ ಬಲಕ್ಕಿಂತ ಕೆಳಗಿಳಿದಿತ್ತು. ಹಲಗೆಯಿಲ್ಲದ ದಿನವೂ ಹಲಗೆಯಿದ್ದಂತೆಯೇ ಅವರು ವಾಲಿ ನಡೆಯುತ್ತಿದ್ದರು. ಯಾವ ಪ್ರಶ್ನೆಗೂ ಅವರ ಮೊದಲ ಉತ್ತರ ಒಂದೇ: "ಒಣಗಲಿ, ಆಮ್ಯಾಲ ಹೇಳತೀನಿ." ಹಸಿಯಿದ್ದಾಗ ಎಲ್ಲ ಬಣ್ಣವೂ ಚೆಂದ, ನಿಜ ತಿಳಿಯುವುದು ಆರಿದ ಮೇಲೆ, ಎಂಬುದು ಕಸುಬು ಕಲಿಸಿದ ಪಾಠವಾಗಿತ್ತು. ಆದರೆ ಅಥಣಿಯಿಂದ ಇವರ ಮಗಳನ್ನು ತಮ್ಮ ಹುಡುಗನಿಗೆ ಕೇಳಲು ಬಂದ ಹಿರಿಯರಿಗೂ ಅವರು ಅದನ್ನೇ ಹೇಳಿದಾಗ, ಬಂದವರು ಬೀಗತನ ಮುರಿಯಿತೆಂದೇ ತಿಳಿದು ಚಪ್ಪಲಿ ಮೆಟ್ಟಿದ್ದರು. ರಾಚವ್ವ ಬಾಗಿಲವರೆಗೆ ಓಡಿ, ಅದು ತನ್ನ ಗಂಡನ ಮಾತಿನ ಚಾಳಿ, ಅದಕ್ಕೆ ಅರ್ಥವಿಲ್ಲ ಎಂದು ವಿವರಿಸಿ ಅವರನ್ನು ಮರಳಿ ಕೂರಿಸಬೇಕಾಯಿತು.

ಚೀಟಿಯ ಚಿತ್ರಗಳನ್ನು ಅವರು ಚಿತ್ರಗಳೆಂದು ಎಣಿಸುತ್ತಿರಲಿಲ್ಲ. ಭಾನುವಾರಗಳಂದು ಘಾಟ್ಕೋಪರಿನಾಚೆಯ ಉಪ್ಪಿನ ಗದ್ದೆಗಳ ಬದುವಿನ ಮೇಲೆ ಕುಳಿತು ಬಿಡಿಸುತ್ತಿದ್ದ ಜಲವರ್ಣಗಳನ್ನೂ 'ಕೈ ಸಾಧನೆ' ಎಂದೇ ಕರೆಯುತ್ತಿದ್ದರು. ಮಳೆಗಾಲ ಹಿಡಿಯುವ ಮುಂಚಿನ ಕೆಲವು ದಿನ ಆ ಗದ್ದೆಗಳ ತೆಳುನೀರಿನಲ್ಲಿ ಆಕಾಶವೆಲ್ಲ ಇಳಿದು, ಮೋಡ ಯಾವುದು, ಉಪ್ಪು ಯಾವುದು ಎಂಬುದು ಕಣ್ಣಿಗೆ ಹತ್ತದಂತಾಗುವ ಒಂದು ಹೊತ್ತುಂಟು. ಆ ಹೊತ್ತನ್ನು ಹಿಡಿಯಬೇಕು, ಅದಕ್ಕೆ ತಕ್ಕ ಕಾಗದವಿರಬೇಕು, ಅಲ್ಲಿಯವರೆಗೆ ಬರೆದದ್ದೆಲ್ಲ ತಾಲೀಮು: ಇದು ಅವರ ನಿಶ್ಚಯ. ತಕ್ಕ ಕಾಗದವೆಂದರೆ ಅರಿವೆಯ ಚಿಂದಿಯನ್ನು ಅರೆದು ಮಾಡಿದ ವಿಲಾಯತಿ ಹಾಳೆ. ಅಂಥವು ಕೆಲವನ್ನು ಸಂಪಾದಿಸಿ, ಮನೆಯಲ್ಲಿದ್ದ ಒಂದೇ ಮಂಚದ ಹಲಗೆಗೂ ಹಾಸಿಗೆಗೂ ನಡುವೆ, ಸುಕ್ಕಾಗದಂತೆ ಇಟ್ಟಿದ್ದರು. ಹೀಗಾಗಿ ಆ ದಂಪತಿಗಳು ಎಷ್ಟೋ ವರ್ಷ ಬರೆಯದ ಚಿತ್ರಗಳ ಮೇಲೆಯೇ ಮಲಗಿ ಎದ್ದರು. ಸಾಧನೆಯ ಚಿತ್ರಗಳು ಮಾತ್ರ ಸಿಕ್ಕಸಿಕ್ಕ ಕಾಗದದ ಮೇಲೆ, ಥಾನಿಗೆ ಸುತ್ತಿ ಬಂದ ಕಂದುಹಾಳೆಯ ಮೇಲೆ ಕೂಡ, ಮೂಡಿ, ರಾಚವ್ವನ ಡಬ್ಬಿಗಳ ತಳಕ್ಕೂ ಕಪಾಟಿನ ಹಾಸಿಗೂ ಸಂದುಹೋಗುತ್ತಿದ್ದವು.

ಸ್ವಾತಂತ್ರ್ಯ ಬಂದ ಕೆಲವು ವರ್ಷಗಳಲ್ಲಿ ಪರದೇಶದ ಸಾಮಾನಿನ ಆಮದಿಗೆ ಕಡಿವಾಣ ಬಿತ್ತು. ಅಂಗಡಿಗಳಲ್ಲಿ ವಿಲಾಯತಿ ಹಾಳೆ ಮೊದಲು ದುರ್ಲಭವಾಯಿತು, ಆಮೇಲೆ ಬರಿಯ ಮಾತಾಗಿ ಉಳಿಯಿತು. ಹಾಸಿಗೆಯ ಕೆಳಗಿನ ಸಂಗ್ರಹವನ್ನು ಮುಟ್ಟಲು ನೀಲಕಂಠಪ್ಪನವರಿಗೆ ಧೈರ್ಯವಾಗಲಿಲ್ಲ. ಕೆಟ್ಟರೆ ಮತ್ತೊಂದು ಸಿಕ್ಕುವುದಿಲ್ಲವೆಂಬ ಭಯವಿದ್ದಲ್ಲಿ ಕುಂಚ ಹರಿಯುವುದಿಲ್ಲ. ಖಾದಿ ಅಂಗಡಿಯಲ್ಲಿ ಈ ನೆಲದ ಕೈಕಾಗದ ಸಿಗುತ್ತಿತ್ತು. ನಾರು ಗಟ್ಟಿ, ಮೈ ಚೆಲುವು, ಆದರೆ ದಾಹ ಮಾತ್ರ ಬೇಸಿಗೆಯ ನೆಲದ್ದು. ಇದಕ್ಕೆ ತಾವೇ ಅಂಟು ಕುಡಿಸಿದರೆ ಹೇಗೆಂದು ಅವರು ಮೊದಲು ಅಕ್ಕಿಯ ಗಂಜಿ ಬಳಿದು ನೋಡಿದರು, ಜಿರಳೆಗಳಿಗೆ ಹಬ್ಬವಾಯಿತು. ಸಾಬೂದಾಣಿಯ ಸರಿ ಬಳಿದರೆ ಹಾಳೆ ಹಪ್ಪಳದಂತೆ ಸೆಟೆಯಿತು. ಗೋಂದು ಬಳಿದರೆ ಬಣ್ಣ ಜಾರಿ ಅಂಚಿಗೆ ಬಂದು ನಿಂತಿತು. ಪ್ರೆಸ್ಸಿನಲ್ಲಿ ಅವರ ಪಕ್ಕದ ಮೇಜಿನ ಗೆಳೆಯ ಪಾಸ್ಕಲ್, ಸಾಂತಾಕ್ರೂಜಿನ ಹಳೆಯ ಕ್ರೈಸ್ತ ಮನೆತನದವನು, ಇದನ್ನೆಲ್ಲ ನೋಡಿ ನೋಡಿ ಒಂದು ದಿನ ಅಂದ:

"ಅರೆ ಅಪ್ಪಾ, ಕಾಯ್ಕೂ ಟೈಮ್ ಬರಬಾದ್ ಕರ್ತಾ ಹೈ? ವಿಲಾಯತಿ ಕಾಗಜ್ ಮೇ ಕ್ಯಾ ಹೈ, ತೇರೇಕೋ ಮಾಲೂಮ್ ಹೈ ನಾ?"

ವಿಲಾಯತಿ ಕಾಗದದಲ್ಲಿ ಏನಿದೆಯೆಂಬುದು ಮಾಲೂಮಿತ್ತು. ಕಸುಬು ಕಲಿಯುವ ದಿನಗಳಿಂದಲೂ ಗೊತ್ತಿತ್ತು. ಆ ಹಾಳೆಗಳ ಮೈಗೆ ನೀರನ್ನು ತಡೆಯುವ ಬಲ ಬಂದದ್ದು ದನದ ಚರ್ಮವನ್ನು ಕುದಿಸಿ ತೆಗೆದ ಅಂಟಿನಿಂದ. ಕೊರಳಲ್ಲಿ ಇಷ್ಟಲಿಂಗದ ಬೆಳ್ಳಿಯ ಕರಡಿಗೆ, ಬೆಳಗಿನಲ್ಲಿ ಲಿಂಗಪೂಜೆ, ಪೂಜೆಯಾಗದೆ ನೀರೂ ಗುಟುಕರಿಸದ ನೇಮ: ಇವುಗಳ ಪಕ್ಕದಲ್ಲೇ ಈ ತಿಳಿವಳಿಕೆಯನ್ನೂ ಅವರು ಬೇರೊಂದು ಕೋಣೆಯಲ್ಲಿಟ್ಟಂತೆ ಇಟ್ಟುಕೊಂಡು, ನಡುವಿನ ಬಾಗಿಲನ್ನು ಮುಚ್ಚಿಯೇ ಇಷ್ಟು ಕಾಲ ಬಾಳಿದ್ದರು. ಮುಚ್ಚಿದ ಬಾಗಿಲು ತೆರೆದದ್ದು ಒಂದು ಶನಿವಾರ ಮಧ್ಯಾಹ್ನ, ರಾಚವ್ವ ಸಂತೆಗೆ ಹೋದಾಗ, ಅಡಿಗೆಯ ಸ್ಟೋವಿನ ಮೇಲೆ ಬಡಗಿಯ ಅಂಗಡಿಯಿಂದ ತಂದ ಅಂಟಿನ ತುಣುಕುಗಳನ್ನು ಅವರು ಕುದಿಯಲಿಟ್ಟಾಗ. ವಾಸನೆ ಅವರು ಎಣಿಸಿದ್ದಕ್ಕಿಂತ ಬೇಗ ಹರಡಿತು. ಚಾಳಿನ ಪಡಸಾಲೆಯುದ್ದಕ್ಕೂ ಹೆಂಗಸರು ಸೆರಗು ಮೂಗಿಗೆ ಹಿಡಿದು ಹೊರಬರುವ ಹೊತ್ತಿಗೆ ರಾಚವ್ವ ಕೈಚೀಲದೊಂದಿಗೆ ಮೆಟ್ಟಿಲೇರಿ ಬಂದಳು.

"ಏನ್ರಿ ಅದು?"

"ಅಂಟು."

"ಎದರದು?"

ಸುಳ್ಳು ಹೇಳಬಹುದಿತ್ತು. ಮರದ ಅಂಟು ಎಂದಿದ್ದರೆ ಅವಳು ನಂಬುತ್ತಿದ್ದಳೋ ಏನೋ. ಆದರೆ ಆ ಮಧ್ಯಾಹ್ನದ ಸೆಕೆಯಲ್ಲಿ ನೀಲಕಂಠಪ್ಪನವರಿಗೆ ಸುಳ್ಳಿಗೆ ಬೇಕಾಗುವಷ್ಟು ತ್ರಾಣವೂ ಉಳಿದಿರಲಿಲ್ಲ. "ಚರ್ಮದ್ದು" ಎಂದರು.

ರಾಚವ್ವ ಸ್ಟೋವಿನ ಗಾಳಿ ಬಿಟ್ಟು ಆರಿಸಿದಳು. ಪಾತ್ರೆಯ ಕಡೆ ನೋಡಲಿಲ್ಲ. ಮಂಚದ ಕಡೆ ನೋಡಿದಳು.

"ಹೊಸಾ ಕಾಗದಕ್ಕಷ್ಟನ ಇದು? ಆ ಹಳೇವಕ್ಕೂ ಇದನ?"

"ಅವಕ್ಕೂ ಇದ."

"ನೀವು ನಾಲಗಿಗೆ ಹಚ್ಚಿ ನೋಡತಿದ್ರಲ್ರಿ."

ಅವಳು ಆ ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದು ಕೆಳಗಿನ ಗಟಾರಕ್ಕೆ ಒಯ್ದು ಅಲ್ಲೇ ಬಿಟ್ಟುಬಂದಳು. ಸ್ಟೋವನ್ನು ಬೂದಿ ಹಚ್ಚಿ ತಿಕ್ಕಿದಳು, ನೆಲ ಸಾರಿಸಿದಳು, ಸ್ನಾನ ಮಾಡಿದಳು. ಹಾಸಿಗೆಯೆತ್ತಿ, ಕೈಗೆ ಹಳೆಯ ಬಟ್ಟೆ ಸುತ್ತಿಕೊಂಡು, ಹಾಳೆಗಳನ್ನು ಒಂದೊಂದಾಗಿ ತೆಗೆದು ಹೊಸ್ತಿಲಾಚೆ ಇಟ್ಟಳು. ಒಂದನ್ನೂ ಮಡಚಲಿಲ್ಲ, ಹರಿಯಲಿಲ್ಲ. ಆ ದಿನದಿಂದ ಅವಳು ನೆಲದ ಮೇಲೆ ಹಾಸಿಕೊಂಡಳು. ಗಂಡನಿಗೆ ಬೇರೆ ತಾಟು, ಬೇರೆ ತಂಬಿಗೆ. ಬಡಿಸುತ್ತಿದ್ದಳು, ಜೋಳದ ರೊಟ್ಟಿ ಬಿಸಿಯಾಗಿಯೇ ಬರುತ್ತಿತ್ತು, ಆದರೆ ಮಾತು ಬರುತ್ತಿರಲಿಲ್ಲ. ನೀಲಕಂಠಪ್ಪನವರು ಉಂಡು, ತಾಟನ್ನು ತಾವೇ ತೊಳೆದಿಟ್ಟು, ಪ್ರೆಸ್ಸಿಗೆ ಹೋಗಿ ಲಕ್ಷ್ಮಿಯ ಕಮಲಕ್ಕೆ ಗುಲಾಬಿ ತುಂಬಿ ಮರಳುತ್ತಿದ್ದರು. ಆ ಹಾಳೆಗಳನ್ನು ಪಾಸ್ಕಲನ ಮನೆಗೆ ಸಾಗಿಸಿದ್ದಾಯಿತು. ಕ್ಷಮೆ ಕೇಳಬೇಕೆಂದು ಅನ್ನಿಸುತ್ತಿತ್ತು. ಆದರೆ ಯಾವುದಕ್ಕೆ ಕೇಳುವುದು, ಮುಟ್ಟಿದ್ದಕ್ಕೋ, ಮುಚ್ಚಿಟ್ಟದ್ದಕ್ಕೋ, ಇನ್ನೂ ಮುಟ್ಟುವ ಆಸೆಯಿರುವುದಕ್ಕೋ ಎಂಬುದು ಅವರಿಗೇ ಬಗೆಹರಿಯಲಿಲ್ಲ.

ಶ್ರಾವಣ ಮುಗಿಯುವ ಹೊತ್ತಿಗೆ ಒಂದು ಸಂಜೆ, ಶೇಂಗಾಕಾಯಿ ಬಿಡಿಸುತ್ತ ಕೂತಿದ್ದ ರಾಚವ್ವ ತಲೆಯೆತ್ತದೆ ಕೇಳಿದಳು:

"ಮದಿವಿಗಿಂತ ಮೊದಲಿಂದನ ಇದು?"

"ಹೂಂ."

"ಅಂದ್ರ ನಾ ನಿಮ್ಮ ತಾಟಿನ್ಯಾಗ ಉಂಡಾಗೂ ಇತ್ತು. ಮಗಳು ಹುಟ್ಟಿದಾಗೂ ಇತ್ತು."

"ಇತ್ತು."

ಅವಳು ಬಹಳ ಹೊತ್ತು ಕಾಯಿ ಬಿಡಿಸಿದಳು. "ನಂಗೇನೂ ಆಗಿಲ್ಲ. ಆಕಿಗೂ ಏನೂ ಆಗಿಲ್ಲ" ಎಂದಳು, ತನಗೇ ಲೆಕ್ಕ ಒಪ್ಪಿಸುವವಳಂತೆ. ಮತ್ತೆ ಅಂದಳು: "ನೋಡ್ರಿ, ನಿಮ್ಮ ನಾಲಗಿ ನಿಮ್ಮದು. ಒಲಿ ನಂದು. ನನ್ನ ಒಲಿ ಮ್ಯಾಲ ಅದು ಬ್ಯಾಡ. ಕಾಗದ ತರೂದಿದ್ರ ತರ್ರಿ, ಚಪ್ಪಲಿ ಹೊರಗ ಇರತಾವಲ್ಲ, ಹಂಗ ಅವೂ ಹೊರಗಿರಲಿ."

ಮಠದ ಸ್ವಾಮಿಗಳನ್ನು ಕೇಳಿದ್ದರೂ ಇದಕ್ಕಿಂತ ಸ್ಪಷ್ಟವಾದ ತೀರ್ಪು ಸಿಗುತ್ತಿರಲಿಲ್ಲ. ನೀಲಕಂಠಪ್ಪನವರು ತೆಳುಹಲಗೆಯ ಒಂದು ಚಪ್ಪಟೆ ಪೆಟ್ಟಿಗೆ ಮಾಡಿಸಿ, ಪಡಸಾಲೆಯ ಗೋಡೆಗೆ, ಚಪ್ಪಲಿಗಳ ನೇರಕ್ಕೆ ಮೇಲೆ, ಮೊಳೆ ಹೊಡೆದು ತೂಗುಹಾಕಿದರು.

ಮುಂದಿನ ಬೇಸಿಗೆಯಿಂದ ಅವರ ಭಾನುವಾರಗಳು ಸಾಂತಾಕ್ರೂಜಿಗೆ ಸಂದವು. ಘಾಟ್ಕೋಪರಿನಿಂದ ದಾದರಿಗೆ ಬಂದು, ಸೇತುವೆ ಹತ್ತಿಳಿದು, ಇನ್ನೊಂದು ಲೈನಿನ ಗಾಡಿ ಹಿಡಿದು, ಪಾಸ್ಕಲನ ಮನೆಯ ಹಿತ್ತಲು ತಲುಪುವಷ್ಟರಲ್ಲಿ ಬಿಸಿಲೇರಿರುತ್ತಿತ್ತು. ಅಲ್ಲಿ ಬಾವಿಕಟ್ಟೆಯ ಪಕ್ಕ ಕಲ್ಲುಗಳ ಒಲೆ ಹೂಡಿ, ತೆಳ್ಳಗೆ ಕಾಸಿದ ಅಂಟಿನ ನೀರಿನಲ್ಲಿ ಖಾದಿ ಅಂಗಡಿಯ ಹಾಳೆಗಳನ್ನು ಅದ್ದಿ, ಒದ್ದೆ ಬಟ್ಟೆಗಿಂತ ಹುಷಾರಾಗಿ ಎತ್ತಿ, ನೆರಳಿನಲ್ಲಿ ಹಗ್ಗಕ್ಕೆ ತೂಗಹಾಕುವುದು. ಕಡಲಗಾಳಿ ಜೋರಾಗಿ ಬೀಸಿದರೆ ಹಾಳೆ ಸುರುಟುತ್ತಿತ್ತು, ಬೀಸದಿದ್ದರೆ ಹುಳಿಯುತ್ತಿತ್ತು. ಮೇಲೆ ವಿಮಾನಗಳು ಇಳಿಯುತ್ತಿದ್ದವು, ಪಾಸ್ಕಲ್ ತೆಂಗಿನ ಬುಡದಲ್ಲಿ ಕುರ್ಚಿ ಹಾಕಿಕೊಂಡು ನಿದ್ದೆ ಮಾಡುತ್ತಿದ್ದ. ಕೆಲಸ ಮುಗಿದ ಮೇಲೆ ಬಾವಿಯ ನೀರು ಸುರಿದುಕೊಂಡು, ಅಲ್ಲಿನ ಬಟ್ಟೆ ಅಲ್ಲೇ ಬಿಟ್ಟು, ಮತ್ತೆ ವಿಭೂತಿ ಧರಿಸಿ, ಅವರು ಜೋತ ಭುಜದೊಂದಿಗೆ ಮರಳಿ ಗಾಡಿ ಹತ್ತುತ್ತಿದ್ದರು. ಮೊದಲ ವರ್ಷದ ಹಾಳೆಗಳನ್ನು ಮಳೆಗಾಲದ ಬೂಸು ತಿಂದಿತು. ಮರುವರ್ಷ, ನೀರು ತಿಳಿಯಾಗಿಸುವ ಪಟಿಕವನ್ನು ಅಂಟಿಗೆ ಬೆರೆಸಿದರು. ಬೂಸು ಬರಲಿಲ್ಲ, ಆದರೆ ಹಾಳೆ ಗಾಜಿನಂತಾಗಿ ಬಣ್ಣ ಅದರ ಮೇಲೆ ಹನಿಹನಿಯಾಗಿ ಓಡಾಡಿತು. ಅದರ ಮರುವರ್ಷ ಹದ ಕೂಡಿತು. ಪಾಸ್ಕಲನ ಹಿತ್ತಲಲ್ಲಿ ಒಂದು ಚೂರಿನ ಮೇಲೆ ನೀಲಿಯನ್ನು ಇಳಿಬಿಟ್ಟಾಗ ಅದು ನಿಂತಿತು, ತುಸು ಯೋಚಿಸಿತು, ಅನಂತರ ಮೆಲ್ಲಗೆ ಕಾಗದದ ಕಣಕಣಕ್ಕೆ ಇಳಿಯಿತು. ನೀಲಕಂಠಪ್ಪನವರು ಸಂತೋಷಪಡಲು ಕೂಡ ಮರೆತು ಅದನ್ನೇ ನೋಡುತ್ತ ಕುಳಿತಿದ್ದರಂತೆ.

ಮೃಗಶಿರದ ಮೊದಲ ಮೋಡಗಳು ಕವಿದ ವಾರ ಅವರು ಪ್ರೆಸ್ಸಿಗೆ ರಜೆ ಹಾಕಿ ಉಪ್ಪಿನ ಗದ್ದೆಗೆ ಹೋದರು. ಆ ಹೊತ್ತು ಬಂತು. ಆಕಾಶ ಇಳಿಯಿತು, ಉಪ್ಪು ಕರಗಿದಂತಾಯಿತು. ಹಲಗೆಯ ಮೇಲೆ ತಮ್ಮದೇ ಕಾಗದ, ಕೈಯಲ್ಲಿ ಪಳಗಿದ ಕುಂಚ. ಕಾಗದ ತನ್ನ ಕೆಲಸವನ್ನು ಚಾಚೂ ತಪ್ಪದೆ ಮಾಡಿತು; ನೀರು ನಿಂತಿತು, ಕಾಯಿತು. ಕಾಯುತ್ತಿದ್ದ ಆ ನೀರಿನೊಳಗೆ ಏನನ್ನು ಬಿಡಬೇಕೆಂಬುದು ಮಾತ್ರ ಅವರ ಕೈಗೆ ಹೊಳೆಯಲಿಲ್ಲ. ಇಷ್ಟು ವರ್ಷ ಅವರ ಕಣ್ಣು ಹಾಳೆಯ ಮೈಯನ್ನು ನೋಡಿ ನೋಡಿ, ಅದರಾಚೆಗಿನ ಬಯಲನ್ನು ನೋಡುವ ರೂಢಿಯನ್ನೇ ಬಿಟ್ಟುಕೊಟ್ಟಿತ್ತು. ಚಿತ್ರವೇನೋ ಮುಗಿಯಿತು. ಮೋಡ ಮೋಡದ ಜಾಗದಲ್ಲಿತ್ತು, ನೀರು ನೀರಿನ ಜಾಗದಲ್ಲಿತ್ತು. ತಪ್ಪು ಎನ್ನುವಂಥದು ಯಾವುದೂ ಇರಲಿಲ್ಲ.

ಮನೆಗೆ ಬಂದು ಹೊಸ್ತಿಲಾಚೆಯೇ ನಿಂತು ಅದನ್ನು ರಾಚವ್ವನಿಗೆ ತೋರಿಸಿದರು. ಅವಳು ಕೈ ಒರೆಸಿಕೊಂಡು ಬಂದು, ಒಳಗಿನಿಂದಲೇ ನೋಡಿದಳು. ಅವಳಿಗೆ ಮುಖಸ್ತುತಿ ಬರುತ್ತಿರಲಿಲ್ಲ.

"ಮೊದಲಿನವು ಚಲೋ ಇದ್ದವ್ರಿ."

"ಯಾವ ಮೊದಲಿನವು?"

"ಆ ಕಂದು ಕಾಗದದ ಮ್ಯಾಲ ಬರೀತಿದ್ರಲ್ಲ. ನಾ ಬ್ಯಾಳಿ ಡಬ್ಬಿಗೆ ಹಾಸೀನಲ್ಲ, ಅವು."

ನೀಲಕಂಠಪ್ಪನವರು ಹೌದೆಂಬಂತೆ ತಲೆಯಾಡಿಸಿದರು. ಗದ್ದೆಯ ಬದುವಿನ ಮೇಲೆಯೇ ಅವರಿಗದು ತಿಳಿದಿತ್ತು. ಇನ್ನೊಬ್ಬರ ಬಾಯಿಂದ ಕೇಳುವುದಷ್ಟೇ ಬಾಕಿಯಿತ್ತು. ಆ ರಾತ್ರಿ ಊಟದಲ್ಲಿ ಬೇರೆ ತಾಟು ಇರಲಿಲ್ಲ ಎಂಬುದನ್ನು ಅವರು ಗಮನಿಸಿದರೋ ಇಲ್ಲವೋ ಹೇಳುವುದು ಕಷ್ಟ. ಬೇಗನೆ ಮಲಗಿದರು. ಪೆಟ್ಟಿಗೆಯ ಉಳಿದ ಹಾಳೆಗಳನ್ನು ಆ ಮಳೆಗಾಲವೆಲ್ಲ ತೆರೆದು ನೋಡಲಿಲ್ಲ.

ದೀಪಾವಳಿಯ ಹೊತ್ತಿಗೆ ಅಂಧೇರಿಯಿಂದ ಚಂಪಾ ಎಂಬೊಬ್ಬ ಶಿಕ್ಷಕಿ ಅವರನ್ನು ಹುಡುಕಿಕೊಂಡು ಚಾಳಿಗೆ ಬಂದಳು. ಉಡುಪಿಯ ಕಡೆಯವಳು, ಶಾಲೆ ಬಿಟ್ಟ ಮೇಲೆ ಚಿತ್ರ ಬರೆಯುವವಳು. ಕಾಗದದ ಗುಣ ಕೇಳುವುದಿದ್ದರೆ ಘಾಟ್ಕೋಪರಿಗೆ ಹೋಗಿ ಎಂದು ಕಾಳಬಾದೇವಿಯ ಗುಮಾಸ್ತರೇ ಕಳಿಸಿದ್ದರು. ನೀಲಕಂಠಪ್ಪನವರು ಪ್ರೆಸ್ಸಿನಲ್ಲಿದ್ದರು. ರಾಚವ್ವ ಚಹಾ ಮಾಡಿಕೊಟ್ಟಳು.

"ನನಗೆ ಯಾವ ಕಾಗದ ತಕ್ಕೊಳ್ಳಬೇಕು ಅಂತಲೇ ಗೊತ್ತಾಗುವುದಿಲ್ಲ ಅಮ್ಮ" ಎಂದಳು ಚಂಪಾ. "ಅಂಗಡಿಯಲ್ಲಿ ಒಳ್ಳೇದು ಅಂತಾರೆ, ಮನೆಗೆ ತಂದು ಬಣ್ಣ ಹಾಕಿದರೆ ಎಲ್ಲ ಹೀರಿಕೊಂಡು ಬಿಡ್ತದೆ."

ರಾಚವ್ವ ಎದ್ದು ಪಡಸಾಲೆಗೆ ಹೋಗಿ, ಬರಿಗೈಯಲ್ಲೇ ಪೆಟ್ಟಿಗೆಯ ಮುಚ್ಚಳ ತೆಗೆದು, ಹಾಳೆಗಳನ್ನೆಲ್ಲ ಎತ್ತಿ ಅವಳ ಮಡಿಲಿಗಿಟ್ಟಳು.

"ಅಯ್ಯೋ, ಅವರನ್ನು ಕೇಳದೆ ಹೇಗಮ್ಮ?"

"ಕೇಳಿದ್ರ ಒಣಗಲಿ ಅಂತಾರ. ಒಣಗಿ ಭಾಳ ದಿನಾ ಆತು, ಒಯ್ಯಿ."

ಸಂಜೆ ಮನೆಗೆ ಬಂದ ನೀಲಕಂಠಪ್ಪನವರು ಬರಿದಾದ ಪೆಟ್ಟಿಗೆಯನ್ನು ನೋಡಿ, ವಿಷಯ ಕೇಳಿ, ಕೋಟು ಕಳಚಿ ಗೂಟಕ್ಕೆ ಹಾಕಿದರು. ಸಿಟ್ಟು ಬಂದಿತ್ತು. ಸಿಟ್ಟಿನ ಕೆಳಗೆ, ಹೊತ್ತ ಹೊರೆಯನ್ನು ಬೇರೆಯವರು ಇಳಿಸಿಕೊಂಡಾಗ ಭುಜಕ್ಕಾಗುವಂಥ ಒಂದು ನೋವಿನ ಸುಖವೂ ಇತ್ತು. ಅದನ್ನು ಅವರು ಯಾರ ಮುಂದೆಯೂ ಒಪ್ಪಿಕೊಳ್ಳುತ್ತಿರಲಿಲ್ಲ.

ಚಂಪಾ ಮತ್ತೆ ಬಂದದ್ದು ಚಳಿಯ ದಿನಗಳಲ್ಲಿ, ಒಂದು ಚಿತ್ರದೊಂದಿಗೆ. ಅವಳು ಸುತ್ತಿಟ್ಟ ಬಟ್ಟೆ ಬಿಚ್ಚಿ ಕೊಟ್ಟೊಡನೆ ಅವರು ಮಾಡಿದ ಮೊದಲ ಕೆಲಸವೆಂದರೆ ಅದನ್ನು ತಿರುಗಿಸಿ ಬೆನ್ನು ನೋಡಿದ್ದು. ಬಣ್ಣ ಹಿಂದಕ್ಕೆ ಇಳಿದಿರಲಿಲ್ಲ, ಮೈ ಎಲ್ಲಿಯೂ ಉಬ್ಬಿರಲಿಲ್ಲ. ಬೆನ್ನನ್ನು ಸಾವಕಾಶವಾಗಿ, ಅಂಗೈಯಿಂದ ಸವರಿ ನೋಡಿದರು. ಆಮೇಲೆ ಮುಂದಕ್ಕೆ ತಿರುಗಿಸಿದರು. ಅವಳ ಚಾಳಿನ ಅಂಗಳದ ನಲ್ಲಿ. ನಲ್ಲಿಯ ಮುಂದೆ ಸಾಲಾಗಿ ಇಟ್ಟ ಕೊಡಗಳು, ಬಕೆಟುಗಳು, ತಳ ನೆಗ್ಗಿದ ಒಂದು ಹಂಡೆ. ಒಬ್ಬ ಮನುಷ್ಯನೂ ಇಲ್ಲ. ನೀರಿನ್ನೂ ಬಂದಿಲ್ಲ, ನೆಲ ಮಾತ್ರ ಹಿಂದಿನ ದಿನದ ತೇವದಿಂದ ಹೊಳೆಯುತ್ತಿದೆ. ಆ ಪಾತ್ರೆಗಳ ನಿಲುವಿನಲ್ಲೇ ಅವುಗಳನ್ನು ಇಟ್ಟುಹೋದ ಹೆಂಗಸರು ಒಬ್ಬೊಬ್ಬರೂ ಗುರುತು ಸಿಗುವಂತಿದ್ದರು.

ರಾಚವ್ವ ಒಳಗಿನಿಂದ ಬಂದು ಗಂಡನ ಭುಜದ ಮೇಲಿಂದ ಬಗ್ಗಿ ನೋಡಿ, "ಇದು ನಂ ಕೊಡಾನ ಇದ್ದಂಗೈತಿ" ಎಂದಳು.

ನೀಲಕಂಠಪ್ಪನವರು ಬಹಳ ಹೊತ್ತು ನೋಡಿದರು. ತಾವು ಬಾವಿಕಟ್ಟೆಯ ಹೊಗೆಯಲ್ಲಿ ಕಣ್ಣು ಕೆಂಪಾಗಿಸಿಕೊಂಡು, ಹೆಂಡತಿಯ ಮೌನವನ್ನು ಉಂಡು, ಭಾನುವಾರಗಳನ್ನು ಸವೆಸಿ ಸಿದ್ಧಪಡಿಸಿದ ನೆಲದ ಮೇಲೆ ಈ ಹೆಣ್ಣುಮಗಳು ಸರಳವಾಗಿ ನಡೆದುಬಂದು ಕುಳಿತಿದ್ದಳು. ಹೊಟ್ಟೆಕಿಚ್ಚು ಬಂದಿರಬೇಕು.

"ನೀರು ನಿಂತೈತಿ" ಎಂದರು ಕೊನೆಗೆ.

"ಅದು ನಿಮ್ಮ ಕಾಗದದ ಗುಣ ಸಾರ್."

"ಕಾಗದ ನನ್ನ ಹತ್ರಾನೂ ಇತ್ತವ್ವ" ಎಂದು ಅವರು ಚಿತ್ರವನ್ನು ಅವಳಿಗೆ ಮರಳಿ ಕೊಟ್ಟರು. ಆಮೇಲೆ ಕೇಳಿದರು: "ಇನ್ನಷ್ಟು ಹಾಳಿ ಬೇಕಾಗತಾವೇನು?"

ಬೇಕಾದವು. ಅವಳಿಗೆ ಬೇಕಾದವು, ಅವಳ ಮೂಲಕ ಬಂದ ಇನ್ನಿಬ್ಬರಿಗೂ ಬೇಕಾದವು. ಮತ್ತೆ ಬೇಸಿಗೆ ಬಂತು, ಮತ್ತೆ ದಾದರಿನ ಸೇತುವೆ, ಮತ್ತೆ ಸಾಂತಾಕ್ರೂಜಿನ ಹಿತ್ತಲು. ಹೊರಡುವ ಬೆಳಗ್ಗೆ ರಾಚವ್ವ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಡುತ್ತಿದ್ದಳು. ಕಟ್ಟು ಪಾಸ್ಕಲನ ಪಾಲನ್ನೂ ಸೇರಿಸಿಯೇ ದೊಡ್ಡದಿರುತ್ತಿತ್ತು. ತಮಗಾಗಿ ನೀಲಕಂಠಪ್ಪನವರು ಹಾಳೆಯನ್ನು ತೆಗೆದಿರಿಸಿಕೊಂಡದ್ದನ್ನು ಆಮೇಲೆ ಯಾರೂ ಕಾಣಲಿಲ್ಲ.

ಇಂಥವರನ್ನು ತ್ಯಾಗಿಗಳೆಂದು ಹೊಗಳುವುದು ಸುಲಭ, ಆದರೆ ಅದು ನಿಜವಲ್ಲ. ಅವರು ಎಲ್ಲವನ್ನೂ ತಮಗಾಗಿಯೇ ಬಯಸಿದವರು, ಬಯಸಿದ್ದರ ಹೊಸ್ತಿಲವರೆಗೆ ನಡೆದೂ ಬಂದವರು. ಸೋತವರೆಂದು ಮರುಗುವುದೂ ಸಲ್ಲದು. ಅವರ ಕೈಯ ಕೆಲಸದಲ್ಲಿ ಬೆರಳಿಟ್ಟು ತೋರಿಸುವಂಥ ಕೊರತೆ ಇರುವುದಿಲ್ಲ. ಲೋಕದಲ್ಲಿ ಕೆಲವರ ಆಯುಷ್ಯ ಸಿದ್ಧತೆಯಲ್ಲೇ ಮುಗಿಯುತ್ತದೆ, ಸಿದ್ಧತೆ ಮುಗಿಯುವಾಗ ಅವರೂ ಮುಗಿದಿರುತ್ತಾರೆ. ಮುಂದೆ ಅವರಿಗಿರುವ ದಾರಿಗಳು ಎರಡೇ: ಕಹಿಯಾಗುವುದು, ಇಲ್ಲವೇ ಆ ಸಿದ್ಧತೆಯನ್ನೇ ಇನ್ನೊಬ್ಬರಿಗಾಗಿ ಮತ್ತೆ ಮೊದಲಿನಿಂದ ಹೂಡುವುದು. ಎರಡನೆಯದನ್ನು ಆರಿಸಿಕೊಂಡವರ ಮುಖದಲ್ಲಿ ನಾವು ಹುಡುಕುವ ಶಾಂತಿಯೇನೂ ಕಾಣುವುದಿಲ್ಲ. ಭಾನುವಾರ ಸಂಜೆಯ ಲೋಕಲಿನಲ್ಲಿ ಕಿಟಕಿಗೆ ತಲೆಯಾನಿಸಿ, ನಿಲ್ದಾಣ ಬಂದಾಗಷ್ಟೇ ಕಣ್ಣು ತೆರೆಯುವ ದಣಿವು ಕಾಣುತ್ತದೆ. ಆ ದಣಿವಿಗೆ ಚರಿತ್ರೆಯಲ್ಲಿ ಜಾಗವಿಲ್ಲ, ಚಿತ್ರದ ಕೆಳಗಿನ ಸಹಿಯಲ್ಲಿಯೂ ಇಲ್ಲ. ಆದರೂ ಎಲ್ಲಿಯಾದರೂ ಒಂದು ಬಣ್ಣ ತಾನು ಬಿದ್ದಲ್ಲಿ ಕಲೆಯಾಗದೆ ಬೆಳಕಾಗಿ ಉಳಿದಿದೆಯೆಂದರೆ, ಅದರ ಅಡಿಯಲ್ಲಿ ಇಂಥ ಒಬ್ಬರು ತಮ್ಮನ್ನು ಹಾಸಿದ್ದಾರೆಂದೇ ತಿಳಿಯಬೇಕು.